ನೆರಳು ತಪ್ಪುವ ಹೊತ್ತು

ಹಾರವಾಡದ ಬಲೆ ಶೆಡ್ಡಿನ ಎದುರು
ಬೆಳಿಗ್ಗೆ ಒಂಬತ್ತಕ್ಕೇ ಮರಳು ಕಾದಿತ್ತು.
ತರುಣ ಮಂಡಳದ ಬ್ಯಾನರು ಗಾಳಿಗೆ ಮಡಚಿಕೊಂಡು
ವಿಜ್ಞಾನದಲ್ಲಿ ‘ವಿ’ ಮಾತ್ರ ಉಳಿದಿತ್ತು.
ಹದಿನೇಳು ಮಕ್ಕಳು, ಒಂದು ಪಿವಿಸಿ ಪೈಪು,
ದಾರ, ಬಾಳೆಗೊನೆ,
ಮತ್ತು ನಾನು:
ಪಿಯುಸಿ ಫಿಸಿಕ್ಸಿಗೆ ಎರಡು ಸಲ ಕೂತು
ಎರಡನೇ ಸಲ ಮೊದಲಿಗಿಂತ ಕಡಿಮೆ ತಂದವಳು.
ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

“ಇವತ್ತು ಹನ್ನೆರಡೂವರೆಗೆ ಒಂದು ಗಳಿಗೆ
ನೆಟ್ಟಗೆ ನಿಂತದ್ದಕ್ಕೆ ನೆರಳಿರುವುದಿಲ್ಲ” ಎಂದೆ.
“ಮನುಷ್ಯರಿಗೂ?” ಗಣಬಾ ಕೇಳಿದ.
“ನೆಟ್ಟಗೆ ನಿಂತರೆ.”
ಹಿಂದಿನಿಂದ ರೋಜಲಿನ್ ಕಿಸಕ್ಕನೆ ನಕ್ಕಳು.

ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೊಂದು ಬಳಚಿನ ಚಿಪ್ಪು.
ಕಡಲ ಬದಿಯಿಂದ ಪೈಪಿನ ಬುಡದತ್ತ
ಚಿಪ್ಪುಗಳು ತೆವಳುತ್ತ ಬಂದವು.
ಹನ್ನೆರಡೂ ಕಾಲಿಗೆ ಸುಹಾನಾ ಒಂದು ಕಣ್ಣು ಮುಚ್ಚಿ
“ಅಕ್ಕಾ, ಪೈಪೇ ಸೊಟ್ಟ” ಎಂದಳು.
ಸೊಟ್ಟವೇ.

ಶೆಡ್ಡಿನೊಳಗೆ ತಲೆ ಎತ್ತದೆ ಬಲೆ ಹೊಲಿಯುತ್ತಿದ್ದ
ವಿಠೋಬ ತಾಂಡೇಲರು
ಒಂದು ಸೀಸದ ಗುಂಡು ಬಿಚ್ಚಿ ಎಸೆದರು.
“ದಾರಕ್ಕೆ ಕಟ್ಟಿ ನೋಡು. ಸಂಜೆಗೆ ವಾಪಸ್ ಬೇಕು.”

ಹನ್ನೆರಡು ಇಪ್ಪತ್ತೆಂಟು.
ಮೇಲೆ ಗರುಡವೊಂದು ತೇಲಿತು,
ಅದರ ನೆರಳು ಸರಿಯಾಗಿ ಅದರ ಕೆಳಗೇ
ಮರಳಿನಲ್ಲಿ ಓಡಿತು.

ಹನ್ನೆರಡು ಮೂವತ್ತು.
ತಟ್ಟೆಯ ಕೊನೆಯ ಗಂಜಿಯಂತೆ
ಪೈಪಿನ ಬುಡಕ್ಕೆ ಒಂದಿಷ್ಟು ಕಪ್ಪು ಕೂಡಿಕೊಂಡಿತು.
ಆಮೇಲೆ ಅದೂ ಇಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಗಣಬಾ ತನ್ನ ಸುತ್ತ ಹುಡುಕಿದ,
ಹಿಂದೆ ತಿರುಗಿ ನೋಡಿದ, ಒಂದು ಕಾಲೆತ್ತಿದ.
“ಇಲ್ಲಿ ಅಡಗಿ ಕೂತಿದೆ!”

ಹದಿನೇಳೂ ಮಕ್ಕಳು ಹಾರತೊಡಗಿದರು.
ಹಾರಿದಷ್ಟು ಹೊತ್ತು ಒಬ್ಬೊಬ್ಬರ ಕೆಳಗೂ
ಒಂದೊಂದು ಕಪ್ಪು ತುಂಡು,
ಇಳಿದರೆ ಮಾಯ.
ಕಾಲೂ ಸುಡುತ್ತಿತ್ತು, ಅದಕ್ಕೂ ಹಾರುತ್ತಿದ್ದರು.

ಶೆಟ್ಲಿ ಹರವಿದಲ್ಲಿಂದ ದುರ್ಗಕ್ಕ ಕೂಗಿದಳು:
“ಎಂತದೆ ತಂಗಿ ಗಲಾಟೆ?”
“ಇವತ್ತು ನೆರಳಿಲ್ಲ ಅಕ್ಕಾ!”
“ನಮಗೆ ಯಾವತ್ತಿತ್ತು?”

ನಾನಂದ ನೆರಳು ಬೇರೆ, ಅವಳಿಗೆ ಕೇಳಿಸಿದ್ದು ಬೇರೆ.
ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು.
ಬಿಡಿಸಿ ಹೇಳಲು ಬಾಯಿ ತೆರೆದೆ.
ಅವಳು ಕೈಬೀಸಿ ಕರೆದಳು.

ಮೊಬೈಲ್ ಕಂಪನಿಯ ಹರಕು ಕೊಡೆ
ಮರಳಲ್ಲಿ ಹೂತು ನಿಂತಿತ್ತು,
ಕಂಬಕ್ಕೆ ಆತುಕೊಂಡು ನೀರಿನ ಬಿಂದಿಗೆ.
“ಯುಗಾದಿಗೆ ಇದರ ನೆರಳು ಮಧ್ಯಾಹ್ನ
ಒಂದು ಮೊಳ ಕಾರವಾರದ ಬದಿಗಿತ್ತು,
ಬಿಂದಿಗೆ ಅಲ್ಲಿಡ್ತಿದ್ದೆ.
ದಿನಾ ಒಂಚೂರು ಒಳಗೆ ಬಂತು, ಈಗ ಇಲ್ಲಿ.
ನಾಳೆಯಿಂದ ಗೋಕರ್ಣದ ಬದಿಗೆ ಹೊರಡ್ತದೆ,
ಮಳೆ ಹಿಡಿಯೋವರೆಗೆ ನಾನು ನೋಡಿದ್ದು ಹಾಗೇ.”

“ಯಾರು ಹೇಳಿಕೊಟ್ರು ನಿಮಗೆ?”
“ಯಾರು ಹೇಳಿಕೊಡಬೇಕೆ? ನೀರು ಬಿಸಿಯಾಗ್ತಿತ್ತು.”

ಇಪ್ಪತ್ತಮೂರೂವರೆ ಡಿಗ್ರಿ,
ಭೂಮಿಯ ವಾಲು, ಚಿತ್ರ ಸಹಿತ ವಿವರಿಸಿ:
ಹೈಸ್ಕೂಲಿನಲ್ಲಿ ಉರು ಹೊಡೆದು ಬರೆದಿದ್ದೆ, ಐದಕ್ಕೆ ಐದು.
ಬಿಂದಿಗೆ ಎಲ್ಲಿಡಬೇಕೆಂದು
ಯಾರಾದರೂ ಕೇಳಿದ್ದರೆ ಸೊನ್ನೆ.

ಮಂಡಳದ ವಹಿಯಲ್ಲಿ
‘ವೀಕ್ಷಿಸಿದವರು’ ಎಂಬಲ್ಲಿ ಹದಿನೇಳು ಹೆಸರು ಬರೆದು
ಹದಿನೆಂಟನೆಯದು ಬರೆದೆ: ದುರ್ಗಿ ಹರಿಕಂತ್ರ.
‘ಉಪಕರಣ’: ಕೊಡೆ, ಬಿಂದಿಗೆ.
‘ಅವಧಿ’ ಎಂಬಲ್ಲಿ ಪೆನ್ನು ನಿಂತಿತು.
ಎಷ್ಟು ವರ್ಷವೆಂದು ಕೇಳಲು ಹೋದಾಗ
ಅವಳು ಕಾಗೆ ಓಡಿಸುತ್ತಿದ್ದಳು.

ಅಷ್ಟರಲ್ಲಿ ಪೈಪಿನ ಮೂಡಣಕ್ಕೆ
ಉಗುರಿನಷ್ಟು ಕಪ್ಪು ಚಿಗುರಿತ್ತು.
ಬಾಳೆಹಣ್ಣು ಮುಗಿದಿತ್ತು.

ರಾತ್ರಿ ತಾಂಡೇಲರು ಮನೆಗೇ ಬಂದರು, ಗುಂಡು ಕೇಳಲು.
ಕಿಸೆಗೆ ಹಾಕಿಕೊಂಡು, ಹೊರಟು, ನಿಂತರು.
“ಅಲ್ಲವೆ, ಆ ನೆರಳು ಹೋಗಿದ್ದೆಲ್ಲಿಗೆ?”
“ಕಾಲ ಕೆಳಗೆ.”
ಅವರು ಬಗ್ಗಿ ತಮ್ಮ ಪಾದ ನೋಡಿಕೊಂಡರು.
ಬಾಗಿಲ ದೀಪಕ್ಕೆ ಅವರ ನೆರಳು
ಅಂಗಳ ದಾಟಿ
ರಸ್ತೆಯವರೆಗೆ ಬಿದ್ದಿತ್ತು.